ಮಗು ಮನೆಯದು, ಹೊಣೆ ಊರಿನದು

(ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೊಗರಿಯ ಧಾರಣೆ, ಇವುಗಳ ಮಾತನ್ನು ನಾವು ಪ್ರತಿ ಸಭೆಯಲ್ಲಿಯೂ ಆಡುತ್ತೇವೆ. ನಮ್ಮ ಓಣಿಗಳಲ್ಲಿ ಮುಚ್ಚಿದ ಬಾಗಿಲ ಹಿಂದೆ ಉಳಿದಿರುವ ಒಂದು ಸಂಗತಿಯನ್ನು ಇಂದು ಹೇಳಬೇಕೆಂದು ನಿಂತಿದ್ದೇನೆ.

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು. ಅಂದು ಈ ನಗರದ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿ ಇಟ್ಟರು. ಹಾಗೆ ಮಾಡಿದರೆ ಅಂಗವೈಕಲ್ಯ ನೀಗುವುದೆಂಬ ನಂಬಿಕೆ. ಪತ್ರಿಕೆಯಲ್ಲಿ ಓದಿದವರು “ಎಂಥ ಮೂಢರು!” ಎಂದರು. ಮರುದಿನ ಮರೆತರು.

ನನ್ನ ಪ್ರಶ್ನೆ ಬೇರೆ. ಅಂಥ ಹೆತ್ತವರು ಗ್ರಹಣವನ್ನು ನಂಬುವುದಕ್ಕೆ ಮೊದಲು, ನಂಬತಕ್ಕ ಬೇರೆ ಯಾವ ಆಸರೆಯನ್ನು ನಾವು ಅವರಿಗೆ ಕೊಟ್ಟಿದ್ದೆವು? “ಹೋದ ಜನ್ಮದ ಪಾಪ” ಎನ್ನುತ್ತೇವೆ. “ಸೊಸೆಯ ಹೊಟ್ಟೆಯ ದೋಷ” ಎನ್ನುತ್ತೇವೆ. ಅಕ್ಕನನ್ನು ನೋಡಲು ಬಂದ ಗಂಡಿನವರು ತಮ್ಮನ ಸುದ್ದಿ ಕೇಳಿ ಎದ್ದು ಹೋಗುತ್ತಾರೆ. ಆದುದರಿಂದ ಮನೆಯವರು ಮಗುವನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ಮಗುವಿಗೆ ಶಾಲೆಯೂ ಇಲ್ಲ, ವೈದ್ಯವೂ ಇಲ್ಲ.

ನಾನೇನೂ ಇದಕ್ಕೆ ಹೊರತಲ್ಲ. ಮಾತು ಬಾರದ ಒಬ್ಬ ಹುಡುಗ ನನ್ನ ಅಂಗಡಿಯ ಮುಂದೆ ನಿಂತು ಕೂಗುತ್ತಿದ್ದಾಗ, “ಗಿರಾಕಿ ಬರುವ ಹೊತ್ತು, ಆಚೆ ಕರಕೊಂಡು ಹೋಗವ್ವಾ” ಎಂದು ಅವನ ತಾಯಿಗೆ ಹೇಳಿದವನು ನಾನೇ. ಆಕೆ ಮತ್ತೆಂದೂ ಆ ಕಡೆಗೆ ಬರಲಿಲ್ಲ.

ಹೆರಿಗೆಯ ವೇಳೆ ಕೂಸಿನ ಮಿದುಳಿಗೆ ಪ್ರಾಣವಾಯು ಸಾಲದೆ ಹೋದರೆ, ಹುಟ್ಟಿದೊಡನೆ ಬಂದ ವಿಪರೀತ ಕಾಮಾಲೆಗೆ ಚಿಕಿತ್ಸೆ ದೊರೆಯದಿದ್ದರೆ, ಮಿದುಳಿಗೆ ಪೆಟ್ಟಾಗಬಹುದು. ಕೆಲವಕ್ಕೆ ವಂಶವಾಹಿ ಕಾರಣ. ಅದು ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. ಎಷ್ಟೋ ಸಲ ಕಾರಣವೇ ತಿಳಿಯದು. ಇದರಲ್ಲಿ ಪಾಪವೆಲ್ಲಿ?

ಸಿರಿವಂತರ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಆರೈಕೆಗೆ ಆಳಿದೆ, ಹೈದರಾಬಾದಿನ ಆಸ್ಪತ್ರೆಯಿದೆ. ದಾಲಮಿಲ್ಲಿನ ಹಮಾಲನ ಮನೆಯಲ್ಲಿ ಹುಟ್ಟಿದರೆ ತಾಯಿಯ ಕೂಲಿ ನಿಲ್ಲುತ್ತದೆ, ಖರ್ಚು ಏರುತ್ತದೆ. ಆದುದರಿಂದ ಇದು ದುಡಿಯುವವರ ಪ್ರಶ್ನೆ, ಸಂಘದ ಪ್ರಶ್ನೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. ಇವರಿಗಾಗಿ 2016ರಲ್ಲಿ ಕಾಯಿದೆಯಾಗಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರನ್ನು ನಾಲ್ಕು ಜನರೆದುರು ಬೇಕೆಂದು ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸವಿದೆ. ಇದು ಭಿಕ್ಷೆಯಲ್ಲ, ಹಕ್ಕು. ಆದರೆ ಕಾಗದದ ಹಕ್ಕು ತಾನಾಗಿ ಓಣಿಗೆ ನಡೆದು ಬರುವುದಿಲ್ಲ.

ನಾವು ಮಾಡಬೇಕಾದುದಿಷ್ಟು. ಪ್ರಮಾಣಪತ್ರಕ್ಕೆ ಅಲೆಯುವ ತಾಯಿಯ ಜೊತೆಗೆ ಸಂಘದ ಒಬ್ಬನು ಹೋಗಲಿ. ಶಾಲೆ ಸೇರಿಸಿಕೊಳ್ಳದಿದ್ದರೆ ಹತ್ತು ಜನ ಹೋಗಿ ಕೇಳಲಿ. ಅಂಗಡಿಯವರು ಆ ಮಗುವಿಗೆ ನಿಲ್ಲಲು ಜಾಗ ಕೊಡಲಿ.

ಶರಣಬಸವೇಶ್ವರರ ತೇರಿಗೆ, ಬಂದೇನವಾಜರ ಉರುಸಿಗೆ ಬರುವವರನ್ನು ನಮ್ಮ ಊರು ನೀವು ಯಾರೆಂದು ಕೇಳುವುದಿಲ್ಲ. ಅಂಥ ಊರಿನಲ್ಲಿ ಒಂದು ಮಗು ಬಾಗಿಲ ಹಿಂದೆ ಬೆಳೆಯಬಾರದು.