ಶಾಲೆಗೆ ಹಣ ಕೇಳುವುದು ಭಿಕ್ಷೆಯಲ್ಲ

(ಮುಂಬಯಿಯಲ್ಲಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಬಾಗಿಲು ಎಳೆದು, ಊಟವನ್ನೂ ಮಾಡದೆ ಬಂದಿದ್ದೀರಿ. ಆದುದರಿಂದ ಚಿಕ್ಕದಾಗಿ ಹೇಳುತ್ತೇನೆ.

ನಾನು ಏಳನೆಯ ತರಗತಿಯವರೆಗೆ ಓದಿದವನು. ಇಲ್ಲಿ ಬಂದು ಕಪ್ಪು-ಬಸಿ ತೊಳೆದವನು. ಒಂದು ಹೋಟೆಲು ಬಿಡುವಾಗ ಇಂಗ್ಲಿಷಿನ ಕಾಗದವೊಂದಕ್ಕೆ ಸಹಿ ಹಾಕಿದೆ. ಪಗಾರದ ಬಾಕಿಯೆಲ್ಲ ಸಂದಿದೆಯೆಂದು ಅದರಲ್ಲಿ ಬರೆದಿತ್ತು. ಮೂರು ತಿಂಗಳ ದುಡ್ಡು ಹೋಯಿತು. ಸಹಿ ಹಾಕಲು ಕಲಿತಿದ್ದೆ, ಏತಕ್ಕೆ ಹಾಕುತ್ತಿದ್ದೇನೆಂದು ಓದಲು ಕಲಿತಿರಲಿಲ್ಲ. ಅರ್ಧಕ್ಕೆ ನಿಂತ ಶಾಲೆಗೆ ನಾನು ತೆತ್ತ ಬೆಲೆ ಅದು. ನಮ್ಮ ಮಕ್ಕಳೂ ಅದನ್ನೇ ತೆರಬೇಕೆ?

ಈಗ ವಿಧಾನಮಂಡಲದ ಮುಂಗಡಪತ್ರದ ಅಧಿವೇಶನ ನಡೆಯುತ್ತಿದೆ. ಇಲಾಖೆಗಳ ಬೇಡಿಕೆಗಳು ಒಂದೊಂದಾಗಿ ಮತಕ್ಕೆ ಬರುತ್ತವೆ. ಶಿಕ್ಷಣದ ಬೇಡಿಕೆಗೆ ಒಪ್ಪಿಗೆ ಬಿದ್ದ ಮೇಲೆ ನಾವು ಕೂಗಿದರೆ ಪುರವಣಿ ಬೇಡಿಕೆಯ ದಾರಿ ಕಾಯಬೇಕು. ಕೇಳುವ ಹೊತ್ತು ಇದು.

ನೀವೇನು ತೆರಿಗೆ ಕೊಡುತ್ತೀರಿ ಎಂದು ನಗುವವರುಂಟು. ಸಾಬೂನು, ಚಪ್ಪಲಿ, ಬಿಸ್ಕೀಟು ಕೊಂಡಾಗಲೆಲ್ಲ ಜಿಎಸ್‌ಟಿ ಕೊಡುತ್ತೇವೆ. ಅದರಲ್ಲಿ ರಾಜ್ಯಕ್ಕೆ ಪಾಲಿದೆ. 1962ರ ಕಾನೂನಿನಂತೆ ಮಹಾರಾಷ್ಟ್ರದ ನಗರಗಳ ಕಟ್ಟಡಗಳ ಮೇಲೆ ಶಿಕ್ಷಣ ಕರವಿದೆ. ಧಣಿಗಳು ಅದನ್ನು ಕಟ್ಟುವುದು ನಮ್ಮ ಬೆವರಿನಿಂದ ತುಂಬಿದ ಗಲ್ಲೆಯಿಂದಲೇ. ಮಹಾತ್ಮಾ ಜೋತಿಬಾ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಇದೇ ಲೆಕ್ಕ ತೆಗೆದರು: ಬೊಕ್ಕಸ ತುಂಬಿಸುವವನು ರೈತ, ಆ ಹಣದಲ್ಲಿ ಓದುವವರು ಮೇಲಿನವರು. ಹನ್ನೆರಡು ವಯಸ್ಸಿನವರೆಗಾದರೂ ಶಿಕ್ಷಣ ಕಡ್ಡಾಯವಾಗಲಿ ಎಂದರು. 1950ರ ಸಂವಿಧಾನವು ಹತ್ತು ವರ್ಷಗಳಲ್ಲಿ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಯತ್ನಿಸಬೇಕೆಂದಿತು. ಅದು ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅರವತ್ತು ವರ್ಷ! ದೇಶದ ಆದಾಯದ ನೂರಕ್ಕೆ 6 ಪಾಲು ಶಿಕ್ಷಣಕ್ಕಿರಲಿ ಎಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ 6ನ್ನು ಬರೆಯಬೇಕಾಯಿತು.

ಮುಂಬಯಿ ನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲೊಂದು. ಆದರೆ ಮಕ್ಕಳು ಕಡಿಮೆಯೆಂದು ಶಿಕ್ಷಕರನ್ನು ತುಂಬುವುದಿಲ್ಲ. ಶಿಕ್ಷಕರಿಲ್ಲವೆಂದು ನಾವು ಮಕ್ಕಳನ್ನು ಬಿಡಿಸುತ್ತೇವೆ, ಸಾಲ ಮಾಡಿ ಖಾಸಗಿ ಶಾಲೆಗೆ ಹಾಕುತ್ತೇವೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ, ಮುಚ್ಚಿಡಬಾರದು. ಆದರೆ ಕಾನೂನನ್ನು ನೆನಪಿಡಿ: ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಮಕ್ಕಳು ಅರವತ್ತಕ್ಕಿಂತ ಎಷ್ಟೇ ಕಡಿಮೆಯಿದ್ದರೂ ಇಬ್ಬರು ಶಿಕ್ಷಕರು ಬೇಕು. ಸಾಧ್ಯವಾದಷ್ಟು ಮಗುವಿನ ತಾಯಿನುಡಿಯಲ್ಲೇ ಕಲಿಸಬೇಕು. ಪಾಲಿಕೆಯ ಕೆಲಸವೆಂದು ಸರಕಾರ, ಸರಕಾರದ ಕೆಲಸವೆಂದು ಪಾಲಿಕೆ ಜಾರಿಕೊಳ್ಳಲು ನಾವು ಬಿಡಬಾರದು.

ಇನ್ನೊಂದು ಮಾತು. ಆ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. ನಮ್ಮ ಹುಡುಗರ ದುಡಿಮೆ ಆಗಲೇ ಸುರುವಾಗುತ್ತದೆ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟೊಂದು ಮಂದಿ! 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಹೋದವು. ಕೈಯಲ್ಲಿ ವಿದ್ಯೆಯಿದ್ದವನು ಬೇರೆ ಕೆಲಸ ಹುಡುಕಿಕೊಂಡ, ಇಲ್ಲದವನು ಊರಿನ ಬಸ್ಸು ಹತ್ತಿದ. ರಾತ್ರಿ ಶಾಲೆಗಳಿಗೂ ಅನುದಾನ ಕೇಳಲೇಬೇಕು.

ಮಾಡಬೇಕಾದದ್ದು ಇಷ್ಟು. ಪ್ರತಿಯೊಂದು ಚಾಳಿನಿಂದ ಮಕ್ಕಳ ಹೆಸರು, ವಯಸ್ಸು, ತರಗತಿ ಬರೆದು ತನ್ನಿ. ಖಾಲಿಯಿರುವ ಶಿಕ್ಷಕರ ಜಾಗಗಳನ್ನು ಎಣಿಸಿ ತನ್ನಿ. ಈ ವಾರದ ರಜೆಯ ದಿನ ನಿಯೋಗವಾಗಿ ನಮ್ಮ ಶಾಸಕರಲ್ಲಿಗೆ ಹೋಗೋಣ. ಸಭೆಯಲ್ಲಿ ಪ್ರಶ್ನೆ ಕೇಳಿ, ಕಡಿತ ಸೂಚನೆ ತನ್ನಿ ಎಂದು ಅರ್ಜಿ ಕೊಡೋಣ. ಮತ ಕೇಳಲು ಅವರು ನಮ್ಮ ಖೋಲಿಗಳಿಗೆ ಬಂದಿದ್ದರು. ಈಗ ಅವರ ಬಾಗಿಲಿಗೆ ಹೋಗುವ ಸರದಿ ನಮ್ಮದು. ಕೈಮುಗಿದು ಹೋಗೋಣ, ತಲೆ ತಗ್ಗಿಸುವುದು ಬೇಡ.