ಅನ್ನನಾಳದ ತೊಂದರೆಗಳು ಮತ್ತು ಎಂಡೋಸ್ಕೋಪಿ

(ಉಪನ್ಯಾಸದ ಬರಹರೂಪ)



ಅನ್ನನಾಳವೆಂದರೆ ಗಂಟಲಿನಿಂದ ಜಠರದವರೆಗೆ ಇಳಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತನ್ನು ಕೆಳಗೆ ತಳ್ಳುವುದಷ್ಟೇ ಅದರ ಕೆಲಸ. ಶ್ವಾಸನಾಳದ ಹಿಂದೆ, ಬೆನ್ನೆಲುಬಿನ ಮುಂದೆ ಅಡಗಿರುವುದರಿಂದ ಹೊರಗಿನಿಂದ ಕೈಯಿಟ್ಟು ಪರೀಕ್ಷಿಸಲು ಬರುವುದಿಲ್ಲ. ಒಳಗೆ ಇಳಿದೇ ನೋಡಬೇಕು.

ಈ ಯೋಚನೆ ಹಳೆಯದು. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದ ಶಸ್ತ್ರವೈದ್ಯ ಅಲ್ ಜಹ್ರಾವಿಯವರು ತಮ್ಮ 'ಅಲ್ ತಸ್ರೀಫ್' ಗ್ರಂಥದಲ್ಲಿ ಗಂಟಲಿಗೆ ಸಿಕ್ಕ ಮೀನಿನ ಮುಳ್ಳನ್ನು ತೆಗೆಯುವ ಬಗೆ ಬರೆದಿದ್ದಾರೆ. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು ಕತ್ತಿ ನುಂಗುವ ಆಟಗಾರನೊಬ್ಬನ ಗಂಟಲಿಗೆ ನೆಟ್ಟನೆಯ ಲೋಹದ ಕೊಳವೆ ಇಳಿಸಿ ನೋಡಿದರು. ಆದರೆ ಎಲ್ಲ ರೋಗಿಗಳೂ ಕತ್ತಿ ನುಂಗುವವರಲ್ಲವಲ್ಲ! ಬಾಗುವ ಕೊಳವೆ ಬೇಕಿತ್ತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಹಾಪ್ಕಿನ್ಸ್ ಅವರೊಡನೆ ಲಂಡನ್ನಿನಲ್ಲಿ ಕೆಲಸ ಮಾಡಿ, ಬಾಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕವೂ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ಪ್ರಕಟಿಸಿದರು. 1957ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹಿರ್ಷೊವಿಟ್ಸ್ ಎಂಬ ವೈದ್ಯರು ಅಂಥ ಕೊಳವೆಯನ್ನು ಮೊದಲು ತಾವೇ ನುಂಗಿ, ಆಮೇಲೆ ರೋಗಿಗೆ ಬಳಸಿದರು. ಇಂದಿನ ಎಂಡೋಸ್ಕೋಪಿನ ತುದಿಯಲ್ಲೇ ಪುಟ್ಟ ಕ್ಯಾಮೆರಾ ಇರುತ್ತದೆ. ದಪ್ಪ ನಿಮ್ಮ ಕಿರುಬೆರಳಿನಷ್ಟು.

ಇಷ್ಟಾದರೂ ಹೆಗ್ಗೋಡು, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವವರ ಬಾಯಲ್ಲಿ ಒಂದೇ ಮಾತು: "ಡಾಕ್ಟ್ರೇ, ಬೇರೆ ಏನಾದ್ರೂ ಮಾಡಿ, ಆ ಪೈಪ್ ಒಂದು ಬೇಡ." ಹೆದರಿಕೆ ಸಹಜ. ಉಸಿರು ಕಟ್ಟುತ್ತದೆ ಎಂಬ ಭಯ ಬಹಳ ಜನರಿಗಿದೆ. ಆದರೆ ಕೊಳವೆ ಹೋಗುವುದು ಅನ್ನದ ದಾರಿಯಲ್ಲಿ, ಉಸಿರಿನ ದಾರಿ ತೆರೆದೇ ಇರುತ್ತದೆ. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸುತ್ತಾರೆ. ಒಂದೆರಡು ಸಲ ಓಕರಿಕೆ ಬರಬಹುದು. ಬರೀ ನೋಡುವುದಾದರೆ ಐದರಿಂದ ಹತ್ತು ನಿಮಿಷದ ಕೆಲಸ. ಆರೆಂಟು ಗಂಟೆ ಖಾಲಿ ಹೊಟ್ಟೆ ಬೇಕು. ರೋಜಾ ಹಿಡಿದು ಅಭ್ಯಾಸವಿರುವವರಿಗೆ ಇದೇನು ದೊಡ್ಡದಲ್ಲ.

ಹೆದರಿಕೆಯ ಬೆಲೆ ಎಷ್ಟು ಗೊತ್ತೇ? ಅಡಿಕೆ ಸುಲಿಯಲು ಹೋಗುವ ತಾಯಿಯೊಬ್ಬರಿಗೆ ಅಕ್ಕಿರೊಟ್ಟಿ ಎದೆಯಲ್ಲಿ ನಿಂತಂತಾಗುತ್ತಿತ್ತು. ರೊಟ್ಟಿ ಬಿಟ್ಟು ಅನ್ನ ತಿಂದರು, ಅನ್ನ ಬಿಟ್ಟು ಗಂಜಿ ಕುಡಿದರು. ಕೊನೆಕೊಯ್ಲು ಮುಗಿಯಲಿ ಎಂದರು, ಮಗಳ ಮದುವೆ ಮುಗಿಯಲಿ ಎಂದರು. ಗಂಜಿಯೂ ಇಳಿಯದಾದಾಗ ಬಂದರು. ಆಗ ಐದು ತಿಂಗಳು ಕಳೆದಿತ್ತು. ಎಂಡೋಸ್ಕೋಪಿಯಲ್ಲಿ ಗಡ್ಡೆ ಕಂಡಿತು, ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಎಂದು ಬಂತು. ಅನ್ನನಾಳ ಹಿಗ್ಗುವ ಗುಣದ್ದು. ಸಾಕಷ್ಟು ಕಿರಿದಾಗುವವರೆಗೆ ಅದು ದೂರು ಹೇಳುವುದಿಲ್ಲ. ಆದ್ದರಿಂದ ಗಟ್ಟಿ ಆಹಾರ ಎರಡು ವಾರ ಸಿಕ್ಕಿಕೊಂಡರೂ ಸಾಕು, ಪೈಪು ಹಾಕಿಸಿಕೊಳ್ಳಿ. ಮೇಲ್ಪದರದಲ್ಲಷ್ಟೇ ಇರುವ ಕ್ಯಾನ್ಸರನ್ನು ಎಷ್ಟೋ ಸಲ ಎಂಡೋಸ್ಕೋಪಿನಿಂದಲೇ ಸುಲಿದು ತೆಗೆಯಬಹುದು. ತಡವಾದರೆ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಇಟ್ಟು ಗಂಜಿಗೆ ದಾರಿ ಮಾಡಿಕೊಡುವುದಷ್ಟೇ ಉಳಿಯುತ್ತದೆ.

ಅಡಿಕೆಯೇ ಅನ್ನವಾಗಿರುವ ಸೀಮೆಯಲ್ಲಿ ನಿಂತು ಹೇಳಲು ಕಷ್ಟವಾದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದಿದೆ. ಹೊಗೆಸೊಪ್ಪು ಬೆರೆತ ಕವಳ ಬಾಯಿಗಷ್ಟೇ ಅಲ್ಲ, ಅನ್ನನಾಳಕ್ಕೂ ಕೆಡುಕು. ಕರ್ನಾಟಕದಲ್ಲಿ 2013ರ ಮೇ 31ರಂದು ಗುಟ್ಕಾ ನಿಷೇಧವಾಯಿತು, ಆದರೆ ಕವಳದ ಸಂಚಿಗೆ ಯಾರೂ ನಿಷೇಧ ಹಾಕಲಾರರು. ಬೀಡಿ, ಮದ್ಯ, 65 ಡಿಗ್ರಿಗಿಂತ ಬಿಸಿಯಾದ ಚಹಾ ಕೂಡ ಇದೇ ಸಾಲಿನವು. ಚಹಾ ಬಿಡಬೇಡಿ, ಆರಿಸಿ ಕುಡಿಯಿರಿ.

ನೋಡುವ ಕೊಳವೆಯಲ್ಲೇ ಚಿಕಿತ್ಸೆಯ ಸಲಕರಣೆ ತೂರಿಸಲು ಒಂದು ದಾರಿಯಿದೆ. ಲಿವರ್ ಗಟ್ಟಿಯಾದವರಿಗೆ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು ಬೊಗಸೆಗಟ್ಟಲೆ ರಕ್ತ ವಾಂತಿಯಾಗುತ್ತದೆ. ಆ ಉಬ್ಬಿಗೆ ಪುಟ್ಟ ರಬ್ಬರ್ ಉಂಗುರ ಬಿಗಿದು ಜೀವ ಉಳಿಸುತ್ತಾರೆ. ಅನ್ನನಾಳದ ಕೆಳಬಾಗಿಲು ತೆರೆಯದ ಅಕಲೇಸಿಯಾ ಎಂಬ ರೋಗಕ್ಕೆ ಬಲೂನಿನಿಂದ ಹಿಗ್ಗಿಸುವುದುಂಟು. 2008ರಲ್ಲಿ ಜಪಾನಿನ ಇನೋವೆ ಎಂಬ ವೈದ್ಯರು ಒಳಗಿನಿಂದಲೇ ಸ್ನಾಯು ಕತ್ತರಿಸುವ ವಿಧಾನವನ್ನೂ ಆರಂಭಿಸಿದರು.

ಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಕ್ಕಸು ತೊಳೆಯುವ ಆಸಿಡ್ಡನ್ನೂ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ನೀರನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವ ಮನೆಗಳಿವೆ. ಮಗು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸುಟ್ಟ ದಾರಿಯಲ್ಲೇ ಅದು ಮತ್ತೆ ಸುಡುತ್ತಾ ಬರುತ್ತದೆ. ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ. ಎಷ್ಟು ಸುಟ್ಟಿದೆ ಎಂದು ಎಂಡೋಸ್ಕೋಪಿಯಲ್ಲಿ ಮೊದಲ ಒಂದೆರಡು ದಿನದೊಳಗೇ ನೋಡಬೇಕು. ವಾರಗಳ ನಂತರ ನಾಳ ಕಿರಿದಾದರೆ ಹಿಗ್ಗಿಸಲು ಮತ್ತೆ ಮತ್ತೆ ಬರಬೇಕಾಗುತ್ತದೆ. ನಡುವೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಇನ್ನು ಆಟಿಕೆಯ ಗುಂಡಿಯಂಥ ಬ್ಯಾಟರಿ ನುಂಗಿ ಅದು ಅನ್ನನಾಳದಲ್ಲಿ ನಿಂತರೆ ಎರಡೇ ಗಂಟೆಯಲ್ಲಿ ಸುಡತೊಡಗುತ್ತದೆ. ಬೆಳಗಾಗಲಿ ಎಂದು ಕಾಯುವಂತಿಲ್ಲ. ದೊಡ್ಡವರು ಮೀನಿನ ಮುಳ್ಳು ಸಿಕ್ಕಾಗ ಅನ್ನದ ಉಂಡೆ ನುಂಗಿ ಅದನ್ನು ಇನ್ನಷ್ಟು ಆಳಕ್ಕೆ ಚುಚ್ಚಿಕೊಳ್ಳುವುದೂ ಬೇಡ.

ಸಹರಿ ಮುಗಿಯುವ ಆತುರದಲ್ಲಿ ಒಂದು ಗುಟುಕು ನೀರಿನೊಡನೆ ಮಾತ್ರೆ ನುಂಗಿ ಹಾಗೇ ಮಲಗುವವರು ಗಮನಿಸಿ: ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಡಾಕ್ಸಿಸೈಕ್ಲಿನ್ ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡುತ್ತವೆ. ಲೋಟ ತುಂಬ ನೀರು ಕುಡಿದು, ಅರ್ಧ ಗಂಟೆ ಕುಳಿತಿರಿ.

ಖರ್ಚಿನ ಮಾತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಡುವಾಗ ರೇಷನ್ ಕಾರ್ಡ್, ಆಧಾರ್, ಹಳೆಯ ಚೀಟಿಗಳನ್ನು ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಬರೀ ನೋಡುವ ಪರೀಕ್ಷೆಯಾದರೆ ಗಂಟಲಿನ ಮರಗಟ್ಟು ಬಿಟ್ಟ ಮೇಲೆ ಕುಡಿದು ತಿಂದು ಅಂದೇ ಬಸ್ಸು ಹತ್ತಬಹುದು. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಮಾತ್ರ ಜೊತೆಗೆ ಒಬ್ಬರಿರಲಿ, ಆ ದಿನ ಬೈಕ್ ಓಡಿಸಬೇಡಿ.