ಕಲಿಯುವ ಕೈಗೆ ಅಜ್ಜಿಯ ಕಣ್ಣು
ವಿದ್ಯಾರ್ಥಿ ಮಿತ್ರರೆ, ನಿಮ್ಮ ಅಜ್ಜಿಯ ಕಣ್ಣಿನ ಪೊರೆಯನ್ನು ಇನ್ನೂ ಕಲಿಯುತ್ತಿರುವ ವೈದ್ಯರು ತೆಗೆಯುತ್ತಾರೆಂದರೆ ಒಪ್ಪುವಿರಾ? ವಿಜ್ಞಾನ ಓದಿದ ನಾನೂ ಹಿಂಜರಿದೇನು!

ಪೊರೆಯೆಂದರೆ ಮಬ್ಬಾದ ಮಸೂರ. ಅದನ್ನು ತೆಗೆದು, ಅದೇ ಚೀಲದೊಳಗೆ ಕೃತಕ ಮಸೂರವನ್ನು ಕೂರಿಸಬೇಕು. ಚೀಲದ ಹಿಂಬದಿಯ ಪದರ ನಟ್ಟನಡುವೆ ಸುಮಾರು 4 ಮೈಕ್ರಾನ್ ದಪ್ಪ; ತಲೆಗೂದಲು ಇದರ ಹತ್ತುಪಟ್ಟಿಗೂ ಮಿಗಿಲು. ಅದು ಹರಿದರೆ ಹಿಂದಿನ ಲೋಳೆಯಂಥ ರಸ ಮುಂದಕ್ಕೆ ನುಗ್ಗಬಹುದು. ಅಕ್ಷಿಪಟ ಕಳಚುವ, ಸೋಂಕು ತಗಲುವ ಅಪಾಯ ಹೆಚ್ಚುತ್ತದೆ. ಹಿರಿಯರು ಸಕಾಲಕ್ಕೆ ಕೈಗೂಡಿಸಿದರೆ ಬಹುಮಂದಿಗೆ ಒಳ್ಳೆಯ ದೃಷ್ಟಿಯೇ ದಕ್ಕುತ್ತದೆ.

ಬ್ರಿಟನ್ನಿನಲ್ಲಿ ತರಬೇತಿಯ ಮೊದಲೆರಡು ವರ್ಷದವರ ಕೈಯಲ್ಲಿ ಚೀಲ ಹರಿಯುವ ಪ್ರಮಾಣ 2009ರಲ್ಲಿ ಶೇ. 4.2 ಇತ್ತು, 2015ರಲ್ಲಿ ಶೇ. 2.6ಕ್ಕೆ ಇಳಿಯಿತು. ಈ ನಡುವೆ ಕಂಪ್ಯೂಟರಿನ ಕೃತಕ ಕಣ್ಣಿನ ಮೇಲೆ ಕೈ ಪಳಗಿಸುವ ಅಭ್ಯಾಸ ಬಂದಿತ್ತು. ನಮ್ಮಲ್ಲಿ ಮೇಕೆಯ ಕಣ್ಣೂ ಪಾಠ ಹೇಳುತ್ತದೆ.

"ಪಕ್ಕದಲ್ಲಿ ಹಿರಿಯ ಡಾಕ್ಟರು ಇರ್ತಾರಾ?" ಅಜ್ಜಿಯ ಪರವಾಗಿ ನೀವೇ ಕೇಳಿ, ಯಾರೂ ಬೇಸರಿಸಬಾರದು.